ಹೊಸದು ಎನ್ನಲು ನಮಗೇಕೆ ಅಂಜಿಕೆ?



ಕಳೆದ ಬೇಸಿಗೆಯಲ್ಲಿ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ತಮ್ಮನ ಮಗಳ ಕಲ್ಯಾಣ ಮಹೋತ್ಸವ ನಡೆಯಿತು. ಪಂಚಾಂಗ ತೆಗೆಸಲಿಲ್ಲ, ಮುಹೂರ್ತ ಕೇಳಲಿಲ್ಲ. ಷಟ್‌ಸ್ಥಲ ಧ್ವಜ ಹಾರಿಸಿ, ವಚನ ಹಾಡಿ, ವಧುವರರು ಒಬ್ಬರಿಗೊಬ್ಬರು ವಿಭೂತಿ ಹಚ್ಚಿ ರುದ್ರಾಕ್ಷಿ ಕಟ್ಟಿ, ಎಲ್ಲರೆದುರು ಪ್ರತಿಜ್ಞೆ ಮಾಡಿದರು. ಅಕ್ಕಿಕಾಳಿನ ಬದಲು ಹೂವಿನ ಪಕಳೆ. ನಮ್ಮ ಬೀಗರಿಗೂ ಮನಸ್ಸು ತುಂಬಿತ್ತು. ಕ್ರಿಯಾಮೂರ್ತಿಗಳಾಗಿ ಬಂದಿದ್ದ ಶರಣರು ನಡುನಡುವೆ ಒಂದು ಮಾತನ್ನು ನಾಲ್ಕೈದು ಸಲ ಹೇಳಿದರು: ಇದು 900 ವರ್ಷಗಳಿಂದ ಬಂದ ಶರಣರ ಪದ್ಧತಿ, ನಡುವೆ ನಾವು ಮರೆತಿದ್ದೆವು, ಈಗ ಮತ್ತೆ ತಂದಿದ್ದೇವೆ.

ರಾತ್ರಿ ಊಟವೆಲ್ಲ ಮುಗಿದ ಮೇಲೆ ಮಗಳು ನನ್ನ ಹತ್ತಿರ ಬಂದು ಕುಳಿತಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗಿ. ಆಕೆಯ ಕೈಯಲ್ಲಿ ಕ್ರಿಯಾಮೂರ್ತಿಗಳು ಬಿಟ್ಟುಹೋದ ಪುಸ್ತಿಕೆ ಇತ್ತು. ‘ದೊಡ್ಡಪ್ಪಾ, ಇದರಾಗ ಪರಿಷ್ಕೃತ ನಾಲ್ಕನೇ ಮುದ್ರಣ ಅಂತ ಬರದಾರ. ಒಂಬೈನೂರು ವರ್ಷದ ಪದ್ಧತಿ ಪರಿಷ್ಕರಣ ಮಾಡಿದವರು ಯಾರು?’ ಎಂದಳು. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಆಕೆ ನಗಲಿಲ್ಲ. ‘ನಾ ಇವತ್ತು ಪ್ರತಿಜ್ಞಾ ಮಾಡೀನಿ ದೊಡ್ಡಪ್ಪಾ. ಅದು ಯಾರು ಬರದದ್ದು ಅಂತ ಗೊತ್ತಾಗಬೇಕಲ್ಲ’ ಎಂದಳು.

ಆ ರಾತ್ರಿ ನಾನು ಕೊಟ್ಟ ಉತ್ತರ ಸರಿ ಇರಲಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಉತ್ತರ.

ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ನಮ್ಮಲ್ಲಿ ಎರಡು ಬಗೆಯ ನಕ್ಷೆ ಇರುತ್ತವೆ. ಕಟ್ಟುವ ಮುಂಚೆ ಮಾಡಿದ್ದು ವಿನ್ಯಾಸದ ನಕ್ಷೆ. ಕಟ್ಟಿದ ಮೇಲೆ ನಿಜವಾಗಿ ಏನು ನಿಂತಿದೆಯೋ ಅದನ್ನು ಅಳೆದು ಬರೆದದ್ದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದು ಎಂದು ಹೇಳಿದರೆ ಅದು ಅಪರಾಧ. ಮುಂದೆ ಆ ಕಾಲುವೆ ಒಡೆದಾಗ ದುರಸ್ತಿಗೆ ಬಂದವನು ಇಲ್ಲದ ಗೋಡೆಯನ್ನು ಹುಡುಕುತ್ತ ಕೂಡುತ್ತಾನೆ. ನಮ್ಮ ನಿಜಾಚರಣೆಯ ಪುಸ್ತಿಕೆಗಳು ಇಂದು ಮಾಡುತ್ತಿರುವ ತಪ್ಪು ಇಂಥದ್ದೇ. ಈ ಕಾಲದಲ್ಲಿ, ನಮ್ಮ ಕಣ್ಣೆದುರು, ಒಳ್ಳೆಯ ಮನಸ್ಸಿನ ಜನ ಕೂತು ಮಾಡಿದ ವಿನ್ಯಾಸವನ್ನು ಹನ್ನೆರಡನೇ ಶತಮಾನದ ಕಟ್ಟಡ ಎಂದು ತೋರಿಸುತ್ತಿದ್ದೇವೆ.

ಹನ್ನೆರಡನೇ ಶತಮಾನದ ಮದುವೆಯ ಬಗ್ಗೆ ನಮ್ಮ ಹತ್ತಿರ ಏನಿದೆ? ಲಗ್ನ, ರಾಶಿ, ತಾರಾಬಲ ನೋಡಬೇಡಿ ಎಂಬ ಬಸವಣ್ಣನವರ ನಿಲುವು ಇದೆ. ಜಾತಿ ನೋಡದೆ ಹರಳಯ್ಯ ಮತ್ತು ಮಧುವರಸರ ಮನೆಗಳು ಬೀಗತನ ಮಾಡಿದ ಕಥೆ ಇದೆ, ಅದಕ್ಕೆ ತೆತ್ತ ಬೆಲೆಯ ಕಥೆಯೂ ಇದೆ. ಆ ಮದುವೆ ಹೇಗೆ ನಡೆಯಿತು, ಮೊದಲು ಏನು ಮಾಡಿದರು, ಆಮೇಲೆ ಏನು ಹೇಳಿದರು ಎಂಬ ಕ್ರಮ ಯಾವ ವಚನದಲ್ಲೂ ಇಲ್ಲ. ವಚನಕಾರರು ಕರ್ಮಕಾಂಡವನ್ನು ಪ್ರಶ್ನೆ ಮಾಡಿದರು. ಅದರ ಜಾಗದಲ್ಲಿ ಇನ್ನೊಂದು ವಿಧಿಪುಸ್ತಕ ಬರೆದಿಡುವ ಗೋಜಿಗೆ ಅವರು ಹೋಗಲಿಲ್ಲ. ಅವರು ಕೊಟ್ಟದ್ದು ಇಷ್ಟಲಿಂಗ, ವಿಭೂತಿ, ಅರಿವು, ಕಾಯಕ, ದಾಸೋಹ. ಉಳಿದದ್ದನ್ನು ನಮಗೆ ಬಿಟ್ಟರು. ಇದು ಕೊರತೆಯಲ್ಲ. ಹೀಗಿದ್ದೂ ನಾವು ಕೊರತೆ ಎಂಬಂತೆ ಅದನ್ನು ಮುಚ್ಚಿಡಲು ಹೊರಟಿದ್ದೇವೆ.

ಇಂದು ಮದುವೆಯಲ್ಲಿ ನಾವು ಹಾಡುವ ವಚನಗಳೇ ನೂರು ವರ್ಷಗಳ ಹಿಂದೆ ಎಲ್ಲಿದ್ದವು? ತಾಳೆಗರಿಯ ಕಟ್ಟುಗಳಲ್ಲಿ, ಮನೆಗಳ ಜಂತಿಯ ಮೇಲೆ, ಮಠಗಳ ಪೆಟ್ಟಿಗೆಗಳಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಆಮೇಲೆ ನಮ್ಮ ಸಿಂದಗಿ ಸೀಮೆಯವರೇ ಆದ ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ಸಮಗ್ರ ವಚನ ಸಂಪುಟಗಳನ್ನು ತಂದರು. 15 ಸಂಪುಟಗಳು. ಈ ಇಬ್ಬರು ಇಲ್ಲದಿದ್ದರೆ ಇಂದಿನ ಕ್ರಿಯಾಮೂರ್ತಿಗಳ ಕೈಯಲ್ಲಿ ಪುಸ್ತಿಕೆಯೂ ಇಲ್ಲ, ಬಾಯಲ್ಲಿ ವಚನವೂ ಇಲ್ಲ. ಕಲಬುರ್ಗಿಯವರು ಸತ್ಯ ಹೇಳಲು ಹೋಗಿ 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದರು. ಅಂಥವರ ಸಂಪಾದನೆಯನ್ನು ಬಳಸಿಕೊಂಡು ಇತಿಹಾಸದ ವಿಷಯದಲ್ಲಿ ಸಡಿಲ ಮಾತಾಡುವುದು ನನಗೆ ಒಗ್ಗುವುದಿಲ್ಲ.

ಬಸವ ಜಯಂತಿಯನ್ನೇ ನೋಡಿ. ಬಸವನ ಬಾಗೇವಾಡಿಯಲ್ಲಿ ಆ ದಿನ ಸೇರುವ ಜನವನ್ನು ನೋಡಿದವರು ಇದು ಅನಾದಿ ಕಾಲದಿಂದ ಬಂದದ್ದು ಎಂದುಕೊಳ್ಳುತ್ತಾರೆ. ಸಾರ್ವಜನಿಕವಾಗಿ ಬಸವ ಜಯಂತಿ ಮಾಡುವುದು ಶುರುವಾದದ್ದು 1913ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ ಮಂಜಪ್ಪನವರಿಂದ. ಮುಂದೆ ಅವರು ನಮ್ಮ ಆಲಮಟ್ಟಿಗೇ ಬಂದು ನೆಲೆಸಿ ವಿದ್ಯಾಲಯ ನಡೆಸಿದರು. ಅಂದರೆ ನಮ್ಮ ದೊಡ್ಡ ಹಬ್ಬಕ್ಕೆ ವಯಸ್ಸು ನೂರಾ ಹತ್ತರ ಆಸುಪಾಸು. ಅದನ್ನು ಕೇಳಿ ಯಾರ ಭಕ್ತಿಯಾದರೂ ಕಡಿಮೆಯಾಯಿತೇ?

ಇಳಕಲ್ಲಿನ ಪೂಜ್ಯ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ಇನ್ನೂ ಚಂದದ ಉದಾಹರಣೆ. ಜೋಳಿಗೆ ಹಳೆಯದು. ಜಂಗಮರು ಜೋಳ, ಹಿಟ್ಟು ಬೇಡಲು ಹಿಡಿದದ್ದು. ಅಪ್ಪಗಳು ಅದೇ ಜೋಳಿಗೆಯಲ್ಲಿ ಕಾಳಿನ ಬದಲು ದುಶ್ಚಟ ಬೇಡಿದರು. ಬೀಡಿ ಹಾಕು, ಸಾರಾಯಿ ಹಾಕು, ಇನ್ನು ಮುಟ್ಟುವುದಿಲ್ಲ ಅಂತ ಮಾತು ಹಾಕು. ನನ್ನ ಸೋದರಮಾವ ಒಬ್ಬರು ಆ ಜೋಳಿಗೆಗೆ ತಂಬಾಕಿನ ಚೀಲ ಹಾಕಿ ಬಂದವರು ಸಾಯುವವರೆಗೆ ಮತ್ತೆ ಮುಟ್ಟಲಿಲ್ಲ. ಇದನ್ನು ಅಪ್ಪಗಳು ಹನ್ನೆರಡನೇ ಶತಮಾನದ ವಿಧಿ ಎಂದು ಎಂದೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಇಂದು ಸರ್ಕಾರವೇ ವ್ಯಸನಮುಕ್ತ ದಿನ ಎಂದು ಆಚರಿಸುತ್ತದೆ.

ಬೇರೆ ದೇಶದ ಒಂದು ಪ್ರಸಂಗವನ್ನೂ ಹೇಳುತ್ತೇನೆ, ವಿಚಿತ್ರ ಅನಿಸಿದರೂ ಕೇಳಿ. ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಶರಣು ಮಾಡಿ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಅವರೂರಿನ ಗ್ರಂಥಾಲಯದಲ್ಲಿ ಕೂಡುತ್ತಿದ್ದೆ. ಅಲ್ಲಿ ರೊನಾಲ್ಡ್ ಹಟ್ಟನ್ ಎಂಬ ಇತಿಹಾಸದ ಪ್ರಾಧ್ಯಾಪಕರ ಪುಸ್ತಕವೊಂದು ಸಿಕ್ಕಿತು, 1999ರದ್ದು. ಆ ದೇಶದಲ್ಲಿ ಕ್ರೈಸ್ತ ಧರ್ಮ ಬರುವ ಮುಂಚಿನ ನಿಸರ್ಗಪೂಜೆಯನ್ನು ಮತ್ತೆ ತಂದಿದ್ದೇವೆ ಎನ್ನುವ ಒಂದು ಪಂಥ ಇದೆ. ಅವರು ತಮ್ಮನ್ನು ಪೇಗನ್ ಎಂದೂ ತಮ್ಮ ಆಚರಣೆಯನ್ನು ವಿಚ್‌ಕ್ರಾಫ್ಟ್ ಎಂದೂ ಕರೆದುಕೊಳ್ಳುತ್ತಾರೆ. ನಮ್ಮ ಕಡೆಯ ಮಾಟ ಮದ್ದು ಅಂದುಕೊಳ್ಳಬೇಡಿ. ಹುಣ್ಣಿಮೆ, ಸುಗ್ಗಿ, ಋತುಗಳನ್ನು ಹಿಡಿದು ಮಾಡುವ ಪೂಜೆ ಅದು. ಮಾಟದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಅಧಿಕಾರಿ 1954ರಲ್ಲಿ ಪುಸ್ತಕ ಬರೆದು, ಈ ಪೂಜೆ ಗುಟ್ಟಾಗಿ ಸಾವಿರಾರು ವರ್ಷ ಉಳಿದುಬಂದಿದೆ, ನನಗೆ ಅದರ ಕೊನೆಯ ಎಳೆ ಸಿಕ್ಕಿದೆ ಎಂದರು. ಡೋರೀನ್ ವ್ಯಾಲಿಯಂಟೆ ಎಂಬ ಹೆಣ್ಣುಮಗಳು ಅವರ ಗುಂಪಿಗೆ ಸೇರಿ ಆ ವಿಧಿಗಳನ್ನು ಓದಿ ನೋಡಿದರೆ, ಅದರಲ್ಲಿನ ಎಷ್ಟೋ ಭಾಗ ಇತ್ತೀಚಿನ ಒಬ್ಬ ಲೇಖಕನ ಬರಹದಿಂದ ಎತ್ತಿದ್ದು. ಆಕೆ ನೇರವಾಗಿ ಕೇಳಿದಳು. ಹಾಗಾದರೆ ನೀನೇ ಚೆನ್ನಾಗಿ ಬರೆ ಎಂದರಂತೆ ಅವರು. ಆಕೆ ಬರೆದಳು. ಇಂದು ಆ ಪಂಥದವರು ಪ್ರೀತಿಯಿಂದ ಹೇಳುವುದು ಆಕೆ ಬರೆದದ್ದನ್ನೇ.

ಹಟ್ಟನ್ ಅವರು ದಾಖಲೆ ಹಿಡಿದು, ಇದು ಪ್ರಾಚೀನವಲ್ಲ, ಇಪ್ಪತ್ತನೇ ಶತಮಾನದ್ದು ಎಂದು ತೋರಿಸಿದಾಗ ಆ ಪಂಥದಲ್ಲಿ ಕೆಲವರು ಸಿಟ್ಟಾದರು. ಆದರೆ ಅನೇಕರು, ಹೌದು ಹೊಸದು, ನಾವೇ ಕಟ್ಟಿದ್ದು, ಇನ್ನೂ ಕಟ್ಟುತ್ತಿದ್ದೇವೆ ಎಂದು ಒಪ್ಪಿಕೊಂಡು ಮುಂದೆ ಹೋದರು. ಅವರ ದೇವರು ನಮ್ಮ ದೇವರಲ್ಲ, ಅವರ ದಾರಿ ನಮ್ಮ ದಾರಿಯೂ ಅಲ್ಲ. ಆ ಒಪ್ಪಿಕೊಳ್ಳುವ ಎದೆಗಾರಿಕೆ ಮಾತ್ರ ನನಗೆ ಹಿಡಿಸಿತು. ಪುಸ್ತಕ ಓದುವಾಗ ನನಗೆ ನೆನಪಾದದ್ದು ನಮ್ಮ ಮಗಳೇ.

ಹೊಸದು ಕಟ್ಟಬಹುದು ಎಂದರೆ ಏನು ಬೇಕಾದರೂ ಮಾಡಬಹುದು ಎಂದಲ್ಲ. ಮಾತೆ ಮಹಾದೇವಿಯವರು ಮಾಡಿದ ದೊಡ್ಡ ಕೆಲಸವನ್ನು ನಾನು ಗೌರವದಿಂದ ನೆನೆಯುತ್ತೇನೆ. ಹೆಣ್ಣುಮಗಳೊಬ್ಬಳು ಜಗದ್ಗುರು ಪೀಠ ಏರಿದ್ದು, 1988ರಿಂದ ಕೂಡಲಸಂಗಮದಲ್ಲಿ ಶರಣ ಮೇಳ ನಡೆಸಿದ್ದು, ಸಾವಿರಾರು ಜನರನ್ನು ಒಟ್ಟಿಗೆ ಕೂಡಿಸಿ ಇಷ್ಟಲಿಂಗ ಪೂಜೆ ಕಲಿಸಿದ್ದು ಸಣ್ಣ ಮಾತಲ್ಲ. ಆದರೆ ‘ವಚನ ದೀಪ್ತಿ’ಯಲ್ಲಿ ಅವರು ಬಸವಣ್ಣನವರ ಅಂಕಿತವನ್ನು ತೆಗೆದು ಲಿಂಗದೇವ ಎಂದು ಮಾಡಿದರು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪುಸ್ತಕ ನಿಷೇಧ ಸರಿಯೋ ಅಲ್ಲವೋ ಎನ್ನುವುದು ಬೇರೆ ಚರ್ಚೆ. ನನ್ನ ಮಾತು ಇಷ್ಟೇ: ಸರ್ವೆ ಮಾಡುವವನು ಹೊಸ ಕಾಲುವೆಯನ್ನು ಎಲ್ಲಿ ಬೇಕಾದರೂ ಎಳೆಯಲಿ, ನೆಲದಲ್ಲಿ ನೆಟ್ಟ ಬೆಂಚ್‌ಮಾರ್ಕ್ ಕಲ್ಲನ್ನು ಮಾತ್ರ ಕಿತ್ತು ಇಡಬಾರದು. ವಚನ ನಮ್ಮ ಬೆಂಚ್‌ಮಾರ್ಕ್. ಆಚರಣೆ ನಾವು ಎಳೆಯುವ ಕಾಲುವೆ. ಕಲ್ಲು ಸರಿಸುವುದು ಒಂದು ತಪ್ಪಾದರೆ, ಕಾಲುವೆಯನ್ನೇ ಕಲ್ಲು ಎಂದು ಕರೆಯುವುದು ಇನ್ನೊಂದು.

ಇದರಲ್ಲಿ ಕಾನೂನಿನ ವಿಷಯವೂ ಇದೆ, ಮಕ್ಕಳ ಮದುವೆ ಮಾಡುವವರು ಇದನ್ನು ಲಕ್ಷ್ಯ ಕೊಟ್ಟು ಓದಬೇಕು. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಎಂದು ಹೆಸರು ಹೇಳಿಯೇ ನಮಗೆ ಅನ್ವಯಿಸುತ್ತದೆ. ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಶಿಫಾರಸು ಮಾಡಿತ್ತು, ಆದರೆ ಮದುವೆಯ ಮಟ್ಟಿಗೆ ಇಂದಿಗೂ ಈ ಕಾಯ್ದೆಯೇ. ಅದರ 7ನೇ ಕಲಮು, ಎರಡು ಕಡೆಯವರಲ್ಲಿ ಯಾರಾದರೊಬ್ಬರ ರೂಢಿಯ ವಿಧಿಯಂತೆ ಮದುವೆ ಆಗಬೇಕು ಎನ್ನುತ್ತದೆ. ರೂಢಿ ಎಂದರೆ ಬಹುಕಾಲದಿಂದ ನಡೆದದ್ದು. ತಮಿಳುನಾಡಿನಲ್ಲಿ ಪೆರಿಯಾರರ ಆತ್ಮಗೌರವ ಮದುವೆಗಳು ಸಾವಿರಾರು ಆದವು, ಪುರೋಹಿತರಿಲ್ಲ, ಮಂತ್ರವಿಲ್ಲ. 1950ರ ದಶಕದಲ್ಲಿ ಅಂಥ ಒಂದು ಮದುವೆ ಆಸ್ತಿಯ ಜಗಳದಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದಾಗ, ಕೆಲವರು ಸೇರಿ ಹೊಸದಾಗಿ ಮಾಡಿಕೊಂಡದ್ದು ರೂಢಿ ಆಗುವುದಿಲ್ಲ ಎಂದು ಕೋರ್ಟು ಆ ಮದುವೆಯನ್ನು ಮಾನ್ಯ ಮಾಡಲಿಲ್ಲ. ಆ ಹೆಣ್ಣುಮಕ್ಕಳ ಗತಿ ಏನಾಗಿರಬೇಕು ನೀವೇ ಯೋಚಿಸಿ. ಕೊನೆಗೆ ಅಣ್ಣಾದೊರೈ ಸರ್ಕಾರ 1967ರಲ್ಲಿ ಕಾಯ್ದೆಗೆ 7-ಎ ಎಂಬ ಕಲಮು ಸೇರಿಸಿ, ಹಿಂದೆ ಆದ ಮದುವೆಗಳನ್ನೂ ಕೂಡಿಸಿ ಮಾನ್ಯ ಮಾಡಿತು. ನಮ್ಮ ರಾಜ್ಯದಲ್ಲಿ ಅಂಥ ಕಲಮು ಇಲ್ಲ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಗೆ ಮಂತ್ರ ಮಾಂಗಲ್ಯ ರಚಿಸಿ ದಾರಿ ತೋರಿದರೂ ಕಾನೂನು ಅಲ್ಲಿಯೇ ನಿಂತಿದೆ.

ಇನ್ನೊಂದು ಕಡೆ, ನೋಂದಣಿ ಒಂದಿದ್ದರೆ ಸಾಕು ಎನ್ನುವವರಿಗೆ 2024ರಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಮಾತು ಹೇಳಿದೆ: ಈ ಕಾಯ್ದೆಯಡಿ ವಿಧಿಯೇ ನಡೆಯದಿದ್ದರೆ ಬರೀ ಸರ್ಟಿಫಿಕೇಟಿನಿಂದ ಮದುವೆ ಆಗುವುದಿಲ್ಲ. ಆದ್ದರಿಂದ ನಾನು ಈಗ ಕೇಳಿದವರಿಗೆಲ್ಲ ಹೇಳುವುದು: ವಚನದ ಮದುವೆಯನ್ನು ಮನಸಾರೆ ಮಾಡಿ, ಜೊತೆಗೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲು ಮಾಡಿಸಿ. 30 ದಿನದ ನೋಟಿಸು, ಮೂವರು ಸಾಕ್ಷಿ. ಮದುವೆ ಮುಗಿದ ಮೇಲೂ ಅದೇ ಕಾಯ್ದೆಯಡಿ ನೋಂದಾಯಿಸಲು ಅವಕಾಶ ಇದೆ. 900 ವರ್ಷದ ರೂಢಿ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ, ನಾಳೆ ಕೋರ್ಟಿನಲ್ಲಿ ವಕೀಲರು ದಾಖಲೆ ಕೇಳಿದಾಗ ನಿಲ್ಲುವವಳು ನಮ್ಮ ಮಗಳು.

ಇನ್ನು ವಿಧಿಯ ಒಳಗಿನ ಮಾತಿಗೆ ಬರುತ್ತೇನೆ. ಇಲ್ಲಿ ಕೆಲವು ಹಿರಿಯ ಶರಣರಿಗೆ ಬೇಸರವಾಗಬಹುದು, ಕ್ಷಮಿಸಬೇಕು.

ನಮ್ಮ ವಚನ ಮಾಂಗಲ್ಯಗಳಲ್ಲಿ ಉಪನ್ಯಾಸ ಬಹಳ ಆಗಿದೆ. ಇಂಡಿಯ ಆ ಮದುವೆಯಲ್ಲಿ ಏಳು ಜನ ಭಾಷಣ ಮಾಡಿದರು. ವಧುವರರು ಬೇಸಿಗೆಯ ಹಂದರದಲ್ಲಿ ಎರಡು ತಾಸು ಕುಳಿತಿದ್ದರು, ಅವರು ಮಾತಾಡಿದ್ದು ಎರಡು ನಿಮಿಷ. ಹಿಂದಿನ ಪದ್ಧತಿಯಲ್ಲಿ ಪುರೋಹಿತರು ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದರು, ಈಗ ನಾವು ತಿಳಿಯುವ ಭಾಷೆಯಲ್ಲಿ ಕೇಳಲಾರದಷ್ಟು ಮಾತಾಡುತ್ತೇವೆ. ವರನ ಅಜ್ಜಿ ನನ್ನ ಪಕ್ಕದಲ್ಲಿ ಕೂತಿದ್ದರು. ‘ಸಾಹೇಬ್ರ, ಎಲ್ಲಾ ಚಂದ ಆತು. ಆದ್ರ ನಮಗ ಕೈಯಾಗ ಏನೂ ಕೆಲಸಾನ ಕೊಡಲಿಲ್ಲಲ್ರೀ’ ಎಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಯಾಕೆಂದರೆ ನಾವು ತೆಗೆದುಹಾಕಿದ್ದನ್ನು ಲೆಕ್ಕ ಹಾಕಿದರೆ ಅದರಲ್ಲಿ ಹೆಚ್ಚಿನದು ಹೆಂಗಸರದ್ದು. ಹಂದರಗಂಬದ ಪೂಜೆ, ಅರಿಷಿಣ ಹಚ್ಚುವುದು, ಕುಂಬಾರರ ಮನೆಯಿಂದ ಐರಾಣಿ ಗಡಿಗೆ ತರುವುದು, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಸುರಿಗಿ ನೀರು ಹಾಕುವುದು, ಬೀಸುವ ಹಾಡು, ಸೋಬಾನ. ಇವುಗಳಲ್ಲಿ ಯಾವ ಮಂತ್ರವಿತ್ತು? ಯಾವ ಪುರೋಹಿತರಿದ್ದರು? ವೈದಿಕವನ್ನು ತೆಗೆಯುವುದಾಗಿ ಹೇಳಿ ನಾವು ನಮ್ಮ ಅವ್ವಂದಿರ ಕೈಯಲ್ಲಿದ್ದದ್ದನ್ನು ತೆಗೆದೆವು. ಕೂಡಿ ಕುಳಿತು ಪುಸ್ತಿಕೆ ಬರೆದವರು ಎಲ್ಲ ಗಂಡಸರು, ಅದರಲ್ಲೂ ನನ್ನಂಥ ನಿವೃತ್ತ ನೌಕರರು. ನಮಗೆ ಕಾಗದ ಗೊತ್ತು, ಮೈಕು ಗೊತ್ತು. ಗಡಿಗೆ ಗೊತ್ತಿಲ್ಲ.

ಎಲ್ಲವನ್ನೂ ಉಳಿಸಬೇಕು ಎನ್ನುವವನಲ್ಲ ನಾನು. ಮದುವೆಗೆ ಮುಂಚೆ ಗುಗ್ಗಳ ಎತ್ತಿ ಪುರವಂತರಿಂದ ಶಸ್ತ್ರ ಹಾಕಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಸಾಲ ಮಾಡಿ ಗುಗ್ಗಳ ಮಾಡಿದವರನ್ನು ಕಂಡಿದ್ದೇನೆ. ಸುರಿಗಿಯ ನೀರಿಗೆ ವಿಧವೆಯನ್ನು ಕರೆಯದೆ ಇರುವುದೂ ಒಪ್ಪಿಗೆಯಿಲ್ಲ. ಆದರೆ ಅದಕ್ಕೆ ಮದ್ದು ಸುರಿಗಿಯನ್ನೇ ಬಿಡುವುದಲ್ಲ, ವಿಧವೆಯಾದ ತಾಯಿಯ ಕೈಯಿಂದಲೇ ಮೊದಲ ತಂಬಿಗೆ ಹಾಕಿಸುವುದು. ಮುದ್ದೇಬಿಹಾಳದ ಕಡೆ ಒಂದು ಮನೆಯಲ್ಲಿ ಹಾಗೆ ಮಾಡಿದ್ದನ್ನು ನೋಡಿದೆ. ಮಗಳ ತಲೆಗೆ ನೀರು ಹಾಕುತ್ತ ಆ ತಾಯಿ ಅತ್ತದ್ದನ್ನು ನೋಡಿ ಅಲ್ಲಿದ್ದ ಯಾರಿಗೂ ಇದು ಶಾಸ್ತ್ರ ಹೌದೋ ಅಲ್ಲವೋ ಎಂದು ಕೇಳಬೇಕು ಅನಿಸಲಿಲ್ಲ.

ಎಳ್ಳ ಅಮಾವಾಸ್ಯೆಯ ಚರಗದ ಬಗ್ಗೆಯೂ ಇದೇ ಮಾತು. ಬಿಳಿಜೋಳದ ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಸಜ್ಜಿ ರೊಟ್ಟಿ, ಕಡಬು, ಪಲ್ಲೆ ಎಲ್ಲ ಕೂಡಿಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವುದು ಲಿಂಗಾಯತರಿಗೆ ಸಲ್ಲ ಎಂದು ಒಂದು ಕಮ್ಮಟದಲ್ಲಿ ಯುವಕರಿಗೆ ಹೇಳಿದ್ದನ್ನು ಕೇಳಿದೆ. ಕಲ್ಲಿನ ಪೂಜೆ ಬೇಡ ಎಂದರೆ ಬೇಡ. ಆದರೆ ಬೆಳೆದ ನೆಲಕ್ಕೆ, ಹಕ್ಕಿ ಹುಳಕ್ಕೆ ಮೊದಲು ಉಣಿಸಿ ಆಮೇಲೆ ಊರವರನ್ನು, ಜಾತಿ ಕೇಳದೆ, ಹೊಲದಲ್ಲಿ ಕೂಡಿಸಿ ಉಣಿಸುವುದಕ್ಕೆ ದಾಸೋಹ ಎನ್ನದೆ ಮತ್ತೇನು ಎನ್ನಬೇಕು? ನಾಗರ ಪಂಚಮಿಯನ್ನು ನಾವು ಬಸವ ಪಂಚಮಿ ಮಾಡಿದೆವು, ಹುತ್ತಕ್ಕೆ ಹಾಕುವ ಹಾಲನ್ನು ಮಕ್ಕಳಿಗೆ ಕೊಟ್ಟೆವು. ಹಬ್ಬವನ್ನು ಕಳೆಯದೆ ಅದರ ದಿಕ್ಕು ತಿರುಗಿಸಿದ್ದರಿಂದ ಜನ ಒಪ್ಪಿದರು. ಚರಗವನ್ನು ಬಿಡಿಸಲು ಹೋದರೆ ಜನ ಚರಗ ಬಿಡುವುದಿಲ್ಲ, ನಮ್ಮನ್ನು ಬಿಡುತ್ತಾರೆ.

ಸಾವಿನ ವಿಷಯಕ್ಕೆ ಬಂದರೆ ನಮ್ಮ ಪುಸ್ತಿಕೆಗಳು ಇನ್ನೂ ಸಣ್ಣವಾಗುತ್ತವೆ. ಲಿಂಗೈಕ್ಯರಾದವರ ತಲೆಯ ಮೇಲೆ ಅಯ್ಯಾನವರು ಪಾದ ಇಡುವುದನ್ನು ಬಿಡಿಸಿದ್ದೇವೆ, ಒಳ್ಳೆಯದು. ನಮ್ಮ ತಂದೆಯವರ ಕಾಲಕ್ಕೆ ಅದನ್ನು ನೋಡಿ ಚಿಕ್ಕವನಾಗಿದ್ದ ನನಗೆ ಆದ ಸಂಕಟ ಇನ್ನೂ ನೆನಪಿದೆ. ವಿಮಾನದಲ್ಲಿ ಕೂಡಿಸಿಕೊಂಡು ಹೋಗಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಪತ್ರಿಯೊಂದಿಗೆ ಕ್ರಿಯಾಸಮಾಧಿ ಮಾಡುವುದನ್ನು ಉಳಿಸಿಕೊಂಡಿದ್ದೇವೆ. ಆದರೆ ಇದೊಂದೇ ದಾರಿ ಎಂದು ವಾದಿಸುವವರಿಗೆ ನಾನು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳ ಪತ್ರ ನೆನಪಿಸುತ್ತೇನೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಇಡೀ ಜಿಲ್ಲೆ ಆಶ್ರಮದ ಕಡೆ ಹರಿಯಿತು. ಅವರು ಮೊದಲೇ ಬರೆದಿಟ್ಟಿದ್ದರು: ದೇಹವನ್ನು ಭೂಮಿಯಲ್ಲಿ ಇಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧದಂಥ ವಿಧಿ ಬೇಡ, ಭಸ್ಮವನ್ನು ನದಿ ಅಥವಾ ಸಾಗರಕ್ಕೆ ಬಿಡಬೇಕು, ಸ್ಮಾರಕ ಕಟ್ಟಬಾರದು. ಅಷ್ಟು ದೊಡ್ಡ ಗದ್ದುಗೆ ಆಗಬಹುದಿತ್ತು, ಆಗಲಿಲ್ಲ. ಲಕ್ಷಗಟ್ಟಲೆ ಲಿಂಗಾಯತರು ಕಣ್ಣೀರು ಹಾಕುತ್ತ ಅದನ್ನು ಒಪ್ಪಿಕೊಂಡರು. ವಿಧಿ ಬದಲಾಗಬಹುದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ನನ್ನ ನೌಕರಿಯ ಕಾಲದ ಒಂದು ಘಟನೆ ಹೇಳಲೇಬೇಕು. ಆಲಮಟ್ಟಿಯ ಹಿನ್ನೀರು ಬರುವ ಮುಂಚೆ ನದಿದಂಡೆಯ ಊರುಗಳನ್ನು ಖಾಲಿ ಮಾಡಿಸಿ ಪುನರ್ವಸತಿ ಕೇಂದ್ರಗಳಿಗೆ ಕಳಿಸುವ ಕೆಲಸದಲ್ಲಿ ನಾನೂ ಇದ್ದೆ. ಮನೆಗೆ ಪರಿಹಾರ, ಹೊಲಕ್ಕೆ ಪರಿಹಾರ, ಬೇವಿನ ಗಿಡಕ್ಕೂ ಪರಿಹಾರ. ನಮ್ಮ ಅಳತೆ ಪುಸ್ತಕದಲ್ಲಿ ಎಲ್ಲಕ್ಕೂ ಕಲಮು ಇತ್ತು. ಹೊಲದ ಬದುವಿನಲ್ಲಿದ್ದ ಸಮಾಧಿಗಳಿಗೆ ಇರಲಿಲ್ಲ. ಊರು ಬಿಡುವ ದಿನ ಒಬ್ಬ ಮುದುಕಿ ಟ್ರ್ಯಾಕ್ಟರ್ ಹತ್ತಲಿಲ್ಲ. ಹೊಲಕ್ಕೆ ಹೋಗಿ ಗಂಡನ ಸಮಾಧಿಯ ಮುಂದೆ ಕುಳಿತುಬಿಟ್ಟಳು. ನಾನೂ ಊರಿನ ಅಯ್ಯಾನವರೂ ಹೋಗಿ ನಿಂತೆವು. ‘ಯವ್ವಾ, ಏಳವ್ವ’ ಎಂದೆ. ‘ಇಂವನ್ನ ನೀರಾಗ ಬಿಟ್ಟು ಹ್ಯಾಂಗ ಏಳಲಿ, ಅದಕ್ಕೇನರ ಪದ್ಧತಿ ಐತೇನು ಅಯ್ಯಾರ?’ ಎಂದು ಆಕೆ ಅಯ್ಯಾನವರನ್ನು ಕೇಳಿದಳು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಯಾವ ಆಗಮದಲ್ಲಿ, ಯಾವ ವಚನದಲ್ಲಿ ಇದಕ್ಕೆ ವಿಧಿ ಇರಬೇಕು?

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಸೆರಗಿನಲ್ಲಿ ಎರಡು ಬೊಗಸೆ ಮಣ್ಣು ಕಟ್ಟಿಕೊಂಡಳು. ಕೊರಳಿನ ಲಿಂಗವನ್ನು ತೆಗೆದು ಆ ಮಣ್ಣಿಗೆ ಮುಟ್ಟಿಸಿ ಮತ್ತೆ ಹಾಕಿಕೊಂಡಳು. ನಡೀರಿ ಎಂದಳು. ಹೊಸ ಊರಿನಲ್ಲಿ ಆ ಮಣ್ಣನ್ನು ಹಿತ್ತಲಿನ ಪತ್ರಿಗಿಡದ ಬುಡಕ್ಕೆ ಹಾಕಿದಳು. ಮರುದಿನದಿಂದ ಊರಿನ ಮನೆಮನೆಯವರೂ ಅದನ್ನೇ ಮಾಡಿದರು. ಬೇರೆ ಜಾತಿಯವರೂ ಮಾಡಿದರು. ಹತ್ತು ದಿನ ಬಿಟ್ಟು ಇನ್ನೊಂದು ಊರಿಗೆ ಹೋದರೆ, ಅಲ್ಲಿನ ಒಬ್ಬ ಯುವಕ ನನಗೇ ತಿಳಿಸಿ ಹೇಳಿದ: ‘ಊರು ಬಿಡೂ ಮುಂದ ಸಮಾಧಿ ಮಣ್ಣು ಒಯ್ಯೂದು ನಮ್ಮ ಹಿಂದಿನಿಂದ ಬಂದ ಪದ್ಧತಿ ಸಾಹೇಬ್ರ.’

ಹತ್ತು ದಿನದ ಪದ್ಧತಿ! ಆಗ ನಕ್ಕಿದ್ದೆ. ಈಗ ನನಗನಿಸುವುದು ಆ ಯುವಕನದು ತಪ್ಪಲ್ಲ, ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಪುಸ್ತಿಕೆ ಅಚ್ಚು ಮಾಡುವವರು ನಾವು, ಪರಿಷ್ಕರಣ ಮಾಡುವವರು ನಾವು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನೋಡಿದವರಿಗೆಲ್ಲ ಗೊತ್ತು. ನಾರಾಯಣಪುರದ ಬಸವಸಾಗರದ ಹಿನ್ನೀರು ಬಂದಾಗ ಅದರ ಸುತ್ತ ಬಾವಿಯಂತೆ ಕಾಂಕ್ರೀಟ್ ಗೋಡೆ ಎತ್ತಿದರು. ಸುತ್ತ ನೀರು, ನಾವು ಮೆಟ್ಟಿಲು ಇಳಿದು ಒಳಗೆ ಹೋಗಿ ಶರಣು ಮಾಡುತ್ತೇವೆ. ಒಳಗಿನದು ಹಳೆಯದು, ಗೋಡೆ ನಮ್ಮ ಕಾಲದ್ದು. ಗೋಡೆಯಲ್ಲಿ ಬಿರುಕು ಬಂದರೆ ಎಂಜಿನಿಯರನ್ನು ಕರೆಯುತ್ತೇವೆ. ಗೋಡೆಯೂ ಹನ್ನೆರಡನೇ ಶತಮಾನದ್ದೇ ಎಂದು ನಂಬಿಬಿಟ್ಟರೆ ಯಾರೂ ಅದನ್ನು ಮುಟ್ಟಲು ಬಿಡುವುದಿಲ್ಲ, ಒಂದು ದಿನ ನೀರು ಒಳಗೆ ಬರುತ್ತದೆ.

ಅದಕ್ಕಾಗಿ ಮಠಗಳಿಗೂ ಕಮ್ಮಟ ನಡೆಸುವ ಸಂಘಟನೆಗಳಿಗೂ ನನ್ನ ಮನವಿ. ಪುಸ್ತಿಕೆಯ ಮೊದಲ ಪುಟದಲ್ಲೇ ಈ ಕ್ರಮವನ್ನು ಯಾವ ವರ್ಷ, ಯಾರು ಕೂಡಿ ರಚಿಸಿದರು ಎಂದು ಬರೆಯಿರಿ. ಯಾವುದು ವಚನ, ಯಾವುದು ನಮ್ಮ ಸೇರ್ಪಡೆ ಎಂದು ಬೇರೆ ಬೇರೆ ಅಕ್ಷರದಲ್ಲಿ ಅಚ್ಚು ಮಾಡಿ. ಮುಂದಿನ ಪರಿಷ್ಕರಣಕ್ಕೆ ಕೂಡುವಾಗ ಅರ್ಧದಷ್ಟು ಹೆಣ್ಣುಮಕ್ಕಳು ಇರಲಿ, ಅದರಲ್ಲಿ ಇಬ್ಬರಾದರೂ ಸೋಬಾನ ಹಾಡುವ ಹಳ್ಳಿಯ ಅವ್ವಂದಿರು ಇರಲಿ. ಕಾಲುವೆ ಕಟ್ಟಿದ ಮೇಲೆ ನಾವು ಮೊದಲು ಸ್ವಲ್ಪ ನೀರು ಬಿಟ್ಟು ಎಲ್ಲೆಲ್ಲಿ ಸೋರುತ್ತದೆ ನೋಡುತ್ತೇವೆ. ಹಾಗೆಯೇ ಒಂದು ವರ್ಷ ಮಾಡಿ ನೋಡಿ, ಮದುವೆಯಾದವರನ್ನು ಕರೆದು ಕೇಳಿ.

ಊರಿನ ಅಯ್ಯಾನವರನ್ನು ಹೊರಗೆ ಹಾಕುವ ಉತ್ಸಾಹವೂ ನನಗೆ ಸರಿ ಕಾಣುವುದಿಲ್ಲ. ಹುಟ್ಟಿನಿಂದ ಬರುವ ಹಕ್ಕು ಹೋಗಬೇಕು, ನಿಜ. ಆದರೆ ನಮ್ಮ ಬಾಗೇವಾಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಅಯ್ಯಾನವರ ಮನೆತನ ಎಂದರೆ ಎರಡೆಕರೆ ಹೊಲ, ಒಂದು ಜೋಳಿಗೆ. ಅವರನ್ನು ಹಳೆಯ ಶೋಷಕರೆಂದು ಬೈದು, ನಮ್ಮ ಹೊಸ ಕ್ರಿಯಾಮೂರ್ತಿಗಳು ಕಾರಿನಲ್ಲಿ ಬಂದು ದಕ್ಷಿಣೆಯ ಬದಲು ಗೌರವಧನ ಎಂದು ತೆಗೆದುಕೊಂಡು ಹೋದರೆ ಜನ ಏನು ತಿಳಿಯಬೇಕು? ಕಮ್ಮಟಕ್ಕೆ ಅವರ ಮಕ್ಕಳನ್ನೂ ಕರೆಯಿರಿ. ಮಾದರ, ಹೊಲೆಯ, ಕುಂಬಾರ, ಕುರುಬರ ಮಕ್ಕಳ ಪಕ್ಕದಲ್ಲಿ ಕೂಡಿಸಿ ವಚನ ಕಲಿಸಿ.

ಬರುವ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಮದುವೆ ಇದೆ, ತಂಗಿಯ ಮಗನದು. ತಂಗಿ, ಇಂಡಿಯ ಆ ಮಗಳು, ಬೀಗರ ಮನೆಯ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು ಮೂರು ಸಲ ಕುಳಿತು ನಾಲ್ಕು ಹಾಳೆಯ ಒಂದು ಕ್ರಮ ಬರೆದಿದ್ದೇವೆ. ಐರಾಣಿ ಗಡಿಗೆ ವಾಪಸ್ಸು ಬಂದಿದೆ, ಭಾಷಣ ಒಂದೇ, ಅದೂ ಹತ್ತು ನಿಮಿಷ. ನನಗೆ ಅದು ಕೊಟ್ಟಿಲ್ಲ. ಕೊನೆಯ ಹಾಳೆಯ ಕೆಳಗೆ ಮಗಳು ನಮ್ಮೆಲ್ಲರ ಹೆಸರು, ತಾರೀಖು ಹಾಕಿ ‘ಮೂರನೇ ಕರಡು’ ಎಂದು ಬರೆದಿದ್ದಾಳೆ. ಮೊನ್ನೆ ಊರಿನ ಅಯ್ಯಾನವರು ಮನೆಗೆ ಬಂದಾಗ ಅದನ್ನು ಓದಿ, ಕನ್ನಡಕ ತೆಗೆದು, ತಮಗೂ ಒಂದು ಝೆರಾಕ್ಸ್ ಬೇಕು ಎಂದರು.